ಮೂವರ ಒಂದೇ ಪುಸ್ತಕ

ವಿಲಾಡ್ಸ್ ಬೆಲೆಪಟ್ಟಿಯಿದ್ದ ಪುಟ ತೆರೆದು ಡಾಗ್ನಿಯ ಮುಂದೆ ಸರಿಸಿದರು. ಟೋರ್ಕಿಲ್‌ನ ಮುಂದಲ್ಲ. ಲೆಕ್ಕಶಾಸ್ತ್ರ ಓದಿ ಬಂದವನು ಟೋರ್ಕಿಲ್. ಡಾಗ್ನಿ ಜೀವಶಾಸ್ತ್ರದ ಕಡೆಯವಳು. ಹೊರಗಿನ ಪರೀಕ್ಷಕರಾಗಿ ಬಂದಿದ್ದ ವಿಲಾಡ್ಸ್‌ಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಚಳಿಗಾಲದಲ್ಲೂ ಇದೇ ಕೋಣೆಯಲ್ಲಿ ಹೀಗೇ ಸರಿಸಿದ್ದರು. ಆಗ ಡಾಗ್ನಿ, ಅದು ತಾನು ಬರೆದದ್ದಲ್ಲ, ಟೋರ್ಕಿಲ್ ಬರೆದದ್ದು ಎಂದುಬಿಟ್ಟಿದ್ದಳು.

ಆ ಒಂದು ಮಾತಿಗೆ ಮೂವರೂ ನಪಾಸಾಗಿದ್ದರು. ಹಲವು ಶಾಸ್ತ್ರಗಳನ್ನು ಕೂಡಿಸಿ ಓದುವ ಪದವಿ ಅದು. ಗುಂಪಾಗಿ ಒಂದೇ ಪುಸ್ತಕ ಬರೆಯಬೇಕು, ಗುಂಪಾಗಿಯೇ ಕೂತು ಪರೀಕ್ಷೆ ಕೊಡಬೇಕು, ಯಾವ ಪುಟ ತೆಗೆದರೂ ಯಾರನ್ನು ಬೇಕಾದರೂ ಕೇಳಬಹುದು. ಇವರು ಮಾತ್ರ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ ಪುಸ್ತಕವನ್ನು ಪಾಲು ಮಾಡಿಕೊಂಡಿದ್ದರು. ಲಿಮ್‌ಫ್ಯೋರ್ಡ್ ಕೊಲ್ಲಿಯ ನೀರು ಕೆಟ್ಟದ್ದು ಯಾಕೆ ಎಂಬುದು ವಿಷಯ. ನೀರು, ಚಿಪ್ಪುಮೀನು ಡಾಗ್ನಿಯ ಪಾಲಿಗೆ. ಹಂದಿ ಸಾಕುವವರ ಗೊಬ್ಬರದ ಲೆಕ್ಕ, ಬೆಲೆಗಳ ಲೆಕ್ಕ ಟೋರ್ಕಿಲ್‌ಗೆ. ರೈತರಿಗೂ ಮೀನುಗಾರರಿಗೂ ನಡೆದ ಹಳೆಯ ಜಗಳಗಳ ಕಥೆ ನಾದ್ಯಾಗೆ. ಕೊನೆಗೆ ಮೂರನ್ನೂ ಸೇರಿಸಿ ಒಂದು ರಟ್ಟು ಹಾಕಿದ್ದರು. ಮೂರು ಪುಸ್ತಕ ಓದಿದೆ, ಕೇಳಿದ ಒಂದು ಮಾತ್ರ ಸಿಗಲಿಲ್ಲ ಎಂದು ವಿಲಾಡ್ಸ್ ಹೇಳಿ ಹೋಗಿದ್ದರು.

ಡಾಗ್ನಿಯ ತಾಯಿ ಗುಡ್ರುನ್ ಔಷಧಿ ಅಂಗಡಿಯವಳು. ಒಂದು ಕಸುಬು ಕಲಿತು, ಅದರಲ್ಲೇ ಬಾಳಿದವಳು. ಮಗಳು ಜೀವಶಾಸ್ತ್ರ ಬಿಟ್ಟು ಇಲ್ಲಿಗೆ ಬಂದದ್ದು ಅವಳಿಗೆ ಸರಿ ಕಂಡಿರಲೇ ಇಲ್ಲ. "ಎಲ್ಲಾ ಪಾತ್ರೆಗೂ ಸೌಟು ಹಾಕ್ತೀಯಲ್ಲೇ, ಒಂದಾದ್ರೂ ಅಡುಗೆ ಬರುತ್ತಾ ನಿಂಗೆ?" ಎಂದಿದ್ದಳು. ಮರುಪರೀಕ್ಷೆಯಲ್ಲೂ ಬಿದ್ದರೆ ಹಳೆಯ ಓದಿಗೇ ವಾಪಸ್ ಹೋಗುವುದೆಂದು ತಾಯಿಮಗಳ ನಡುವೆ ಮಾತಾಗಿತ್ತು.

ಇವರು ಬಿದ್ದ ಸುದ್ದಿ ರಾಗ್ನಾಳ ಕಿವಿಗೂ ಬಿತ್ತು. ಆಕೆ ಅದೇ ಪದವಿಯ ಹಳೆಯ ವಿದ್ಯಾರ್ಥಿನಿ. ಈಗ ಕೊಲ್ಲಿಯಲ್ಲಿ ಹಗ್ಗ ಇಳಿಬಿಟ್ಟು ಚಿಪ್ಪುಮೀನು ಬೆಳೆಸುತ್ತಾಳೆ. ಮೂವರನ್ನೂ ದೋಣಿಗೆ ಕರೆಸಿಕೊಂಡಳು. ದೋಣಿಯ ಮೇಲೆ ಯಾರೂ ತಮ್ಮ ಪಾಲಿನ ವಿಷಯದ ಬಗ್ಗೆ ಬಾಯಿ ಬಿಡಕೂಡದು, ಇನ್ನೊಬ್ಬರದನ್ನೇ ಹೇಳಬೇಕು ಎಂದು ಕಟ್ಟಪ್ಪಣೆ ಮಾಡಿದಳು. ತಡವರಿಸಿದವರಿಗೆ ಒಂದು ಬುಟ್ಟಿ ಚಿಪ್ಪು ಉಜ್ಜುವ ಶಿಕ್ಷೆ.

"ನಿಮ್ಮಪ್ಪನ ಹಂದಿಕೊಟ್ಟಿಗೆ ಗಲೀಜು ಎಲ್ಲಿಗೆ ಹೋಗುತ್ತೆ ಅಂತ ನಾದ್ಯಾ ಹೇಳ್ತಾಳೆ. ನೀನು ಬಾಯಿ ಮುಚ್ಕೊಂಡು ಉಜ್ಜೋ," ಎಂದು ಟೋರ್ಕಿಲ್‌ನನ್ನು ಗದರುತ್ತಿದ್ದಳು.

"ಪಾಸಾಗದಿದ್ರೂ ಪರವಾಗಿಲ್ಲ, ಉಜ್ಜೋ ಕೆಲ್ಸ ಅಂತೂ ಗ್ಯಾರಂಟಿ," ಎಂದು ಅವನು ಗೊಣಗುತ್ತಿದ್ದ.

ವಸಂತ ಕಳೆಯುವ ಹೊತ್ತಿಗೆ ಹಳೆಯ ಪುಸ್ತಕವನ್ನು ಬದಿಗಿಟ್ಟು ಮೊದಲ ಸಾಲಿನಿಂದ ಮತ್ತೆ ಬರೆಯತೊಡಗಿದರು. ಒಂದೇ ಮೇಜು, ಒಂದೊಂದು ಸಾಲಿಗೂ ಜಗಳ. ನಾದ್ಯಾ ಎರಡು ಸಲ ಎದ್ದು ಹೋದಳು, ಎರಡು ಸಲವೂ ತಿರುಗಿ ಬಂದಳು.

ಈಗ ಮರುಪರೀಕ್ಷೆಯಲ್ಲಿ ಡಾಗ್ನಿ ಬೆಲೆಪಟ್ಟಿಯ ಮೇಲೆ ಬೆರಳಿಟ್ಟಳು. ಚಿಪ್ಪುಮೀನಿನ ಬೆಲೆ ಇಷ್ಟು ಕಡಿಮೆ ಕಾಣುವುದು, ಅದು ಮಾಡುವ ಅರ್ಧ ಕೆಲಸಕ್ಕೆ ಯಾರೂ ದುಡ್ಡು ಕೊಡದೆ ಇರುವುದರಿಂದ ಎಂದು ಶುರುಮಾಡಿದಳು. ಹೊಲಕ್ಕೆ ಸುರಿದ ಹಂದಿಗೊಬ್ಬರ ಮಳೆಗೆ ಕಾಲುವೆ ಸೇರಿ ಕೊಲ್ಲಿಗಿಳಿಯುತ್ತದೆ, ನೀರಿನಲ್ಲಿ ಪಾಚಿ ಏಳುತ್ತದೆ, ಪಾಚಿಯನ್ನು ಚಿಪ್ಪುಮೀನು ತಿಂದು ನೀರನ್ನು ತಿಳಿಯಾಗಿಸುತ್ತದೆ. ಹಗ್ಗ ಎಳೆದು ಚಿಪ್ಪುಮೀನು ತೆಗೆದವರು ರೈತನ ಅಂಗಳವನ್ನೇ ಬಿಟ್ಟಿ ಗುಡಿಸಿಕೊಟ್ಟ ಹಾಗೆ. ಅದಕ್ಕೆ ದುಡ್ಡು ಕೊಡುವುದಕ್ಕೆ ರೈತರು ಯಾಕೆ ಒಪ್ಪುವುದಿಲ್ಲ ಎಂದು ವಿಲಾಡ್ಸ್ ಕೇಳಿದರು. ಅದು ನಾದ್ಯಾಳ ಪಾಲಿನದು. ಡಾಗ್ನಿ ನಿಲ್ಲಲಿಲ್ಲ, ಅಜ್ಜಂದಿರ ಕಾಲದಲ್ಲಿ ಮೀನುಗಾರರು ಕಾಲುವೆ ಮುಚ್ಚಿಸಿ ಹೊಲಗಳನ್ನು ಮುಳುಗಿಸಿದ ಕಥೆ ಹೇಳಿದಳು.

"ಮುಳುಗಿಸಿದ್ದು ಅವ್ರಲ್ಲ, ಆ ವರ್ಷದ ಮಳೆ," ಎಂದು ಟೋರ್ಕಿಲ್ ನಡುವೆ ಬಾಯಿ ಹಾಕಿದ. ನಾದ್ಯಾ ಅವನ ಮೇಲೆ ಹರಿಹಾಯ್ದಳು. ಮಳೆಯ ಪ್ರಮಾಣದಿಂದ ಮಣ್ಣಿಗೆ, ಮಣ್ಣಿನಿಂದ ಸಾಲಕ್ಕೆ ಮಾತು ಹಾರಿತು. ಪರೀಕ್ಷಕರು ಎದುರಿಗಿದ್ದಾರೆ ಎಂಬುದೇ ಮೂವರಿಗೂ ಮರೆತುಹೋಯಿತು. ಪರೀಕ್ಷಕರ ಪಕ್ಕದಲ್ಲಿ ಕೂತಿದ್ದ, ಇವರಿಗೆ ಪಾಠ ಹೇಳಿದ ಮೇಷ್ಟರು ಮಾತ್ರ ಕಿಟಕಿಯ ಕಡೆ ತಿರುಗಿ ನಗು ನುಂಗಿಕೊಂಡರು.

ಅಂಕ ನಿರ್ಧರಿಸಲು ಮೂವರನ್ನೂ ಹೊರಗೆ ಕಳಿಸಿದರು. ಅಲ್ಲಿ ಎಡವಟ್ಟಾಯಿತು. ಬಾಗಿಲು ತೆರೆದದ್ದೇ ತಡ, ಪಡಸಾಲೆಯಲ್ಲಿ ಕಾದಿದ್ದ ನೆಂಟರಿಷ್ಟರು ದೇಶದ ಕೆಂಪುಬಿಳಿ ಬಾವುಟ ಬೀಸಿ ಹುರ್ರಾ ಕೂಗಿಬಿಟ್ಟರು, ಅಲ್ಲಿನ ವಾಡಿಕೆಯಂತೆ ಗಿಡ್ಡವು ಮೂರು, ಕೊನೆಗೊಂದು ಉದ್ದನೆಯದು. ಗುಡ್ರುನ್‌ಳ ದನಿಯೇ ಎಲ್ಲರಿಗಿಂತ ಮೇಲಿತ್ತು.

"ಅಮ್ಮ, ಇನ್ನೂ ಏನೂ ಹೇಳಿಲ್ಲ ಅವ್ರು," ಎಂದಳು ಡಾಗ್ನಿ.

ಯಾರೋ ಸಂಭ್ರಮಕ್ಕೆಂದು ತಂದಿದ್ದ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿದರು. ಗುಡ್ರುನ್ ಬಾವುಟ ಇಳಿಸಲಿಲ್ಲ. "ಕೂಗಿ ಆಯ್ತಲ್ಲ, ಇನ್ನು ವಾಪಸ್ ತಗೊಳೋಕಾಗಲ್ಲ. ನೀವು ಪಾಸಾಗ್ಲೇಬೇಕು," ಎಂದಳು. ಮಗಳ ಕೈ ಹಿಡಿದುಕೊಂಡಳು.

ಒಳಗೆ ಕರೆದರು. ವಿಲಾಡ್ಸ್ ಎದ್ದು ನಿಂತು ಅಂಕ ಹೇಳಿದರು. ಮೂವರಿಗೂ ಹನ್ನೆರಡು. ಅದಕ್ಕಿಂತ ಮೇಲಿನ ಅಂಕ ಆ ದೇಶದಲ್ಲಿಲ್ಲ. ಟೋರ್ಕಿಲ್ ಕುರ್ಚಿಯ ಮೇಲೆ ಕುಸಿದು ಕೂತ. ನಾದ್ಯಾ ಅತ್ತಳು. ಡಾಗ್ನಿ ಹೊರಗೆ ಬಂದು ಬೆರಳಿನಲ್ಲಿ ಒಂದು, ಆಮೇಲೆ ಎರಡು ತೋರಿಸಿದಳು. ಈ ಸಲದ ಹುರ್ರಾ ಕೂಗಿಗೆ ಮೇಲಿನ ಮಹಡಿಯವರೂ ಬಗ್ಗಿ ನೋಡಿದರು.

ಅಂಗಳದ ಹುಲ್ಲಿನ ಮೇಲೆ ಬಾಟಲಿ ತೆರೆದರು. ರಾಗ್ನಾ ಕೆಲಸದ ಬೂಟಿನಲ್ಲೇ ಬಂದು ಮೂವರ ತಲೆಗೂ ಒಂದೊಂದು ಮೊಟಕಿದಳು. ಸೈಕಲ್ ತಳ್ಳಿಕೊಂಡು ಹೊರಟಿದ್ದ ವಿಲಾಡ್ಸ್‌ರನ್ನು ಗುಡ್ರುನ್ ನಿಲ್ಲಿಸಿ, ಕಾಗದದ ಲೋಟ ಕೈಗಿತ್ತಳು. ಮಗಳ ಗೆಳೆಯರನ್ನು ಅವಳು ಕಂಡದ್ದು ಅದೇ ಮೊದಲು. "ಇವ್ರಲ್ಲಿ ಲೆಕ್ಕ ಓದಿದವ್ರು ಯಾರು ಹೇಳಿ," ಎಂದು ಕೇಳಿದಳು.

ಹುಲ್ಲಿನ ಮೇಲೆ ಮೂವರೂ ತಲೆ ತಲೆ ತಾಕಿಸಿ ಕೂತು, ಆ ಮಳೆಯ ಬಗ್ಗೆ ಇನ್ನೂ ಜಗಳವಾಡುತ್ತಿದ್ದರು. ಲೆಕ್ಕ ಹೇಳುತ್ತಿದ್ದವಳು ನಾದ್ಯಾ, ಹಳೆಯ ಕಥೆ ಹೇಳುತ್ತಿದ್ದವನು ಟೋರ್ಕಿಲ್. ವಿಲಾಡ್ಸ್ ತೋರಿಸಲೆಂದು ಕೈಯೆತ್ತಿದರು. ಬೆರಳು ಒಬ್ಬರಿಂದ ಒಬ್ಬರಿಗೆ ಹೋಯಿತು, ಮತ್ತೆ ಹಿಂದಕ್ಕೆ ಬಂತು. ಆಮೇಲೆ ಅವರು ಕೈ ಇಳಿಸಿ, ಲೋಟವನ್ನು ನಿಧಾನವಾಗಿ ತುಟಿಗಿಟ್ಟರು.