ಅಚ್ಚುತಣ್ಣನ ಕಿವಿ

"ಹಾರ್ನ್ ಹಾಕ್ಲೇ ಇಲ್ಲ ಅವ. ಹಾಕಿದ್ರೆ ನಮ್ಮ ಅಣ್ಣನಿಗೆ ಕೇಳದೆ ಇರ್ತದಾ?" ಅಚ್ಚುತನ ತಮ್ಮ ದೇವದಾಸ ಅಂಗಿಯ ತೋಳು ಮಡಚುತ್ತಾ ಜಗಲಿಯಿಂದ ಇಳಿದ. "ಸ್ಟೇಷನ್ನಿನಲ್ಲಿ ನಾನು ಹಾಗೇ ಬರೆಸುದು."

ಅಂಗಳದಲ್ಲಿ ಮಲಗಿಸಿದ್ದ ಅಚ್ಚುತನ ತಲೆಯ ಬಳಿ ಅವನ ಹೆಂಡತಿ ಕಮಲಾವತಿ ಕೂತಿದ್ದಳು. ಹಿಂದಿನ ಸಂಜೆ ಜಾಲ್ಸೂರಿನ ತಿರುವಿನಲ್ಲಿ ರಸ್ತೆ ದಾಟುವಾಗ ಪೋಕರನ ಜೀಪು ತಾಗಿ ಅಚ್ಚುತ ಸತ್ತಿದ್ದ. ಮರಣೋತ್ತರ ಪರೀಕ್ಷೆ ಮುಗಿದು ಶವ ಮನೆಗೆ ಬರುವಾಗ ಬಿಸಿಲು ನೆತ್ತಿಗೇರಿತ್ತು.

ಪೋಕರ ಗೇಟಿನ ಹೊರಗೆ ನಿಂತಿದ್ದ. ಅಚ್ಚುತನನ್ನು ಅದೇ ಜೀಪಿನಲ್ಲಿ ಆಸ್ಪತ್ರೆಗೆ ಕೊಂಡೊಯ್ದವನೂ ಅವನೇ. ಪುತ್ತೂರಿನಿಂದ ಅಚ್ಚುತನಿಗೆ ಪ್ಲೈವುಡ್ ತಂದು ಹಾಕುತ್ತಿದ್ದವನೂ ಅವನೇ. "ಎರಡು ಸಲ ಹಾರ್ನ್ ಹಾಕಿದ್ದೇನೆ ಮಾರಾಯ್ರೆ, ಅಲ್ಲಾಹನಾಣೆ," ಎಂದು ಬೆಳಿಗ್ಗೆಯಿಂದ ಹೇಳಿ ಹೇಳಿ ಅವನ ಗಂಟಲು ಬಿದ್ದುಹೋಗಿತ್ತು. ಒಳಗೆ ಬಾ ಎಂದವರಿಲ್ಲ, ಹೋಗು ಎಂದವರೂ ಇಲ್ಲ.

ಸತ್ತೆಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರೆ. ಅಚ್ಚುತನ ವಿಷಯದಲ್ಲಿ ಹಾಗಲ್ಲ, ಅವನನ್ನು ಜನ ಬದುಕಿರುವಾಗಲೇ ಹೊಗಳಿ ಮುಗಿಸಿದ್ದರು. ಮನೆಯ ಪಕ್ಕದ ಶೆಡ್ಡಿನಲ್ಲಿ ಅವನು ಗಿಟಾರಿನ ಆಂಪ್ಲಿಫೈಯರುಗಳಿಗೆ ಸ್ಪೀಕರ್ ಆರಿಸಿ, ಅದಕ್ಕೊಪ್ಪುವ ಪೆಟ್ಟಿಗೆ ಮಾಡಿ ಕೊಡುತ್ತಿದ್ದ. ಕಡಬದಿಂದ ಕಾಸರಗೋಡಿನವರೆಗಿನ ಆರ್ಕೆಸ್ಟ್ರಾದವರೆಲ್ಲ ಇಲ್ಲಿಗೇ ಬರಬೇಕಿತ್ತು. ಇವತ್ತೂ ಬಂದಿದ್ದರು, ಬರಿಗೈಯಲ್ಲಿ.

"ನಾನು ಮಂಗಳೂರಿಂದ ದೊಡ್ಡ ಕ್ರಯದ ಸ್ಪೀಕರ್ ತಂದಿದ್ದೆ," ಎಂದ ಕಡಬದ ಗಿಟಾರಿನವ ಉದಯ. "ಅಚ್ಚುತಣ್ಣ ಎರಡು ದಿನ ಇಟ್ಕೊಂಡು, ಇದು ನಿನ್ನ ಆಂಪ್ಲಿಫೈಯರಿಗೆ ಆಗುದಿಲ್ಲ, ಹಳೇದೇ ಇರ್ಲಿ, ಪೆಟ್ಟಿಗೆಯ ಹಿಂದಿನ ಹಲಗೆ ಅರ್ಧ ತೆಗಿವ ಅಂದ್ರು. ತೆಗೆದದ್ದೇ ತೆಗೆದದ್ದು, ಸ್ವರ ಬಿಚ್ಚಿತು ನೋಡಿ. ಕಿವಿ ಎಂತ ಕಿವಿ ಮಾರಾಯ್ರೆ!"

ಕಮಲಾವತಿ ಗಂಡನ ಮುಖದ ಮೇಲಿನ ನೊಣ ಓಡಿಸಿದಳು.

*

ಗಂಡನ ಗುಟ್ಟು ಕಮಲಾವತಿಯ ಎದುರು ರಟ್ಟಾದದ್ದು ಕೆಲವು ವರ್ಷಗಳ ಹಿಂದೆ, ಕುಕ್ಕರಿನಿಂದ. ಅವಳು ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಅನ್ನ ಅಂಟಾಗಿ, ತಳ ಹಿಡಿದು, ಅಡುಗೆಮನೆಯೆಲ್ಲ ಹೊಗೆ. ಪಕ್ಕದಲ್ಲೇ ಕೂತು ತಂತಿ ಬೆಸೆಯುತ್ತಿದ್ದ ಅಚ್ಚುತ, "ಸೀಟಿ ಆಗ್ಲೇ ಇಲ್ಲ," ಎಂದ. ಸೀಟಿಯ ಸದ್ದು ಗುಡ್ಡದಾಚೆಗೂ ಕೇಳಿತ್ತು. ಹೆಂಡತಿಯ ಮುಖ ನೋಡಿದವನೇ ಕಣ್ಣು ತಗ್ಗಿಸಿದ. ಪ್ರಾಯದಲ್ಲಿ ಆರ್ಕೆಸ್ಟ್ರಾದಲ್ಲಿ ಡ್ರಮ್ಮಿನ ತಾಳದ ತಟ್ಟೆಗಳ ಬುಡದಲ್ಲೇ ನಿಂತು ಗಿಟಾರ್ ಬಾರಿಸಿದವನು. ಸೀಟಿಯಂಥ ಸಪೂರ, ಏರು ಸ್ವರಗಳು ಅವನ ಕಿವಿಯಿಂದ ಒಂದೊಂದಾಗಿ ಹೊರಟುಹೋಗಿದ್ದವು. ದಪ್ಪ, ತಗ್ಗು ಸದ್ದು ಮಾತ್ರ ಉಳಿದಿತ್ತು.

"ಯಾರಿಗೂ ಹೇಳ್ಬೇಡ ಕಮಲ. ಕಿವುಡನ ಹತ್ರ ಯಾರು ಸ್ಪೀಕರ್ ಆರಿಸ್ಲಿಕ್ಕೆ ಕೊಡ್ತಾರೆ?"

ಅಂದಿನಿಂದ ಆರಿಸುವ ಕೆಲಸ ಅವಳದ್ದಾಯಿತು. ಮೀಟರ್ ಹಿಡಿದು ಸ್ಪೀಕರಿನ ಓಂ, ಅಂದರೆ ವಿದ್ಯುತ್ ತಡೆಯ ಅಳತೆ, ನೋಡುವುದು ಅವನು. "ಓಂ ಸರಿಬಂದ್ರೆ ಜಾತಕ ಕೂಡಿತು ಅಷ್ಟೇ. ಸಂಸಾರ ಹೇಗೆ ಅಂತ ಕೇಳಿಯೇ ನೋಡ್ಬೇಕು," ಎನ್ನುತ್ತಿದ್ದ. ಒಂದೇ ರಾಗವನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಬಾರಿಸುತ್ತಿದ್ದ. ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ಹೇಳುತ್ತಿದ್ದಳು: "ಇದು ಚುಚ್ತದೆ." "ಇದು ಮಡಕೆಯೊಳಗಿಂದ ಮಾತಾಡಿದ ಹಾಗೆ." "ಹತ್ತಿಂಚಿಂದು ಚುರುಕುಂಟು, ಆದ್ರೆ ಕೆಳಗಿನ ಸ್ವರ ಎಂತದೂ ಇಲ್ಲ." ಅವನು ಹನ್ನೆರಡಿಂಚಿನ ಸ್ಪೀಕರ್ ಜೋಡಿಸುತ್ತಿದ್ದ, ಹಿಂದಿನ ಹಲಗೆ ಮುಚ್ಚುತ್ತಿದ್ದ, ಮತ್ತೆ ಬಿಚ್ಚುತ್ತಿದ್ದ. "ಹಾಂ, ಈಗ ಸರಿಯಾಯ್ತು," ಎಂದು ಅವಳ ಹುಬ್ಬು ಸಡಿಲವಾದರೆ ಕೆಲಸ ಮುಗಿಯಿತು. ಹೊಗಳಿಕೆಯೆಲ್ಲ ಗಂಡನ ಪಾಲಾದಾಗ ಅವಳಿಗೆ ಹೊಟ್ಟೆಕಿಚ್ಚು ಆಗಲಿಲ್ಲವೆಂದಲ್ಲ. ಆದರೆ ಬಂದವರ ಬೆನ್ನ ಹಿಂದೆ ಅವನು ಅವಳತ್ತ ಕಣ್ಣು ಮಿಟುಕಿಸುತ್ತಿದ್ದ. ಆ ಸುಖದ ಮುಂದೆ ಹೊಗಳಿಕೆ ಏನೂ ಅಲ್ಲವೆಂದು ಅವಳಿಗೆ ಗೊತ್ತಿತ್ತು.

*

"ಅತ್ತಿಗೆ, ನಾಳೆ ಪೊಲೀಸರು ನಿಮ್ಮನ್ನೂ ಕೇಳ್ತಾರೆ," ದೇವದಾಸ ಬಗ್ಗಿ ಹೇಳಿದ. "ಸೂಜಿ ಬಿದ್ರೂ ಅಣ್ಣನಿಗೆ ಕೇಳ್ತಿತ್ತು ಅನ್ನಿ, ಸಾಕು."

ಕಮಲಾವತಿ ಗೇಟಿನತ್ತ ನೋಡಿದಳು. ಪೋಕರನ ಹೆಂಡತಿ ಫಾತಿಮತ್ ಝುಹ್ರಾ ಬಂದು ಗಂಡನ ತೋಳು ಹಿಡಿದು ಎಳೆಯುತ್ತಿದ್ದಳು. ಅವನು ಕದಲಲಿಲ್ಲ. ಕಮಲಾವತಿ ಬಾಯಿ ಬಿಟ್ಟರೆ ಅಚ್ಚುತ ಊರವರೆಲ್ಲರ ಎದುರು ಕಿವುಡನಾಗಿ, ಮೇಲಿಂದ ಸುಳ್ಳನೂ ಆಗಿ ಸುಡುಗಾಡಿಗೆ ಹೋಗುತ್ತಾನೆ. ಬಿಡದಿದ್ದರೆ ಮಾಡದ ತಪ್ಪಿಗೆ ಪೋಕರ ಜೈಲಿಗೆ ಹೋಗುತ್ತಾನೆ. ಕ್ಷಮಿಸಿ ಎಂದು ಅವಳು ಮನಸ್ಸಿನಲ್ಲೇ ಗಂಡನಿಗೆ ಹೇಳಿದಳು.

"ಪೋಕರಣ್ಣ ಹಾರ್ನ್ ಹಾಕಿರ್ತಾರೆ. ಇವರಿಗೆ ಕೇಳಿರ್ಲಿಕ್ಕಿಲ್ಲ."

"ಎಂತ ಹೇಳುದು ಅತ್ತಿಗೆ ನೀವು?"

"ಆ ಜೀಪಿನ ಹಾರ್ನೂ ಸೀಟಿಯ ಹಾಗೆ ಸಪೂರ. ಇವರಿಗೆ ಸಪೂರ ಸ್ವರ ಕೇಳದೆ ವರ್ಷಗಟ್ಟಲೆ ಆಯ್ತು. ಕುಕ್ಕರ್ ಕೇಳ್ತಿರ್ಲಿಲ್ಲ. ಫೋನ್ ರಿಂಗ್ ಆದ್ರೆ ಕೇಳ್ತಿರ್ಲಿಲ್ಲ. ನಾವು ಮಾತಾಡಿದ್ದು ಬಾಯಿ ನೋಡಿ ತಿಳ್ಕೊಳ್ತಿದ್ರು."

"ದುಃಖದಲ್ಲಿ ಏನೇನೋ ಹೇಳ್ತಿದ್ದಾರೆ," ಎಂದಿತು ಒಂದು ಧ್ವನಿ.

ಉದಯ ಮುಂದೆ ಬಂದ. "ಮತ್ತೆ ನನ್ನ ಪೆಟ್ಟಿಗೆ ಅಕ್ಕಾ?"

"ಹೊಸ ಸ್ಪೀಕರ್ ಮೇಲಿನ ತಂತಿಯಲ್ಲಿ ಚುಚ್ತಿತ್ತು. ಬೇಡ ಅಂದದ್ದು ನಾನು, ಹಿಂದಿನ ಹಲಗೆ ತೆಗೆಸಿದ್ದೂ ನಾನು. ನೀನು ಅದನ್ನು ಪುನಃ ಮುಚ್ಚಿಸಿದ್ದಿ. ಹೋದ ತಿಂಗಳು ಸವಣೂರಿನ ಕಾರ್ಯಕ್ರಮದಲ್ಲಿ ಕೇಳಿದೆ, ಸ್ವರ ಒಳಗೇ ಗುಂಯ್‌ಗುಡ್ತಿತ್ತು. ತೆಗಿ ಅದನ್ನು."

ಉದಯ ಹೌದೆಂದು ತಲೆಯಾಡಿಸಿದ. ಸಾಗಿಸುವಾಗ ಸ್ಪೀಕರಿಗೆ ಪೆಟ್ಟಾದೀತೆಂದು ಹಲಗೆ ಹೊಡೆಸಿದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅಚ್ಚುತಣ್ಣನಿಗೆ ಬೇಸರವಾದೀತೆಂದು ಶೆಡ್ಡಿನತ್ತ ತಲೆಹಾಕಿಯೂ ಇರಲಿಲ್ಲ.

ದೇವದಾಸ ಮೆಟ್ಟಿಲ ಮೇಲೆ ಕುಸಿದು ಕೂತ. "ಮರ್ಕಂಜದ ಮದುವೆಯಲ್ಲಿ ಹಿಂದಿನಿಂದ ಎಷ್ಟು ಕರೆದೆ," ಎಂದ. "ತಿರುಗ್ಲೇ ಇಲ್ಲ. ಅಹಂಕಾರ ಅಂತ ತಿಳ್ಕೊಂಡು ಮಾತು ಬಿಟ್ಟೆನಲ್ಲ ಅತ್ತಿಗೆ. ಎರಡು ವರ್ಷ ಈ ಮನೆ ಮೆಟ್ಲಿಲ್ಲ ನಾನು." ಅವನು ಈಗ ಅಳತೊಡಗಿದ. ಬೆಳಿಗ್ಗೆಯಿಂದ ಸಿಟ್ಟಿನಲ್ಲಿ ಅತ್ತೇ ಇರಲಿಲ್ಲ.

ಎತ್ತುವ ಹೊತ್ತಾಯಿತೆಂದು ಹಿರಿಯರೊಬ್ಬರು ಎಚ್ಚರಿಸಿದರು. ಸತ್ತವರ ಬಾಯಿಗೆ ತುಳಸಿ ನೀರು ಬಿಡಲು ಮನೆಯವರು, ನೆರೆಯವರು ಸಾಲಾಗಿ ಬಂದರು. ಕೊನೆಗೆ ದೇವದಾಸ ಕಣ್ಣೊರೆಸಿಕೊಂಡು ಎದ್ದು ಗೇಟಿನವರೆಗೆ ಹೋದ.

"ಬನ್ನಿ ಪೋಕರಣ್ಣ. ನೀವೂ ನೀರು ಬಿಡಿ."

ಪೋಕರ ಚಪ್ಪಲಿ ಕಳಚಿಟ್ಟು ಬಂದು ಮಂಡಿಯೂರಿದ. ಬಿಟ್ಟ ನೀರಿನಲ್ಲಿ ತುಸುವೇ ಬಾಯಿಗೆ ಬಿದ್ದು, ಉಳಿದದ್ದು ಕೆನ್ನೆಯ ಮೇಲೆ ಜಾರಿ, ಬ್ಯಾಂಡೇಜಿನ ಕೆಳಗಿದ್ದ ಕಿವಿಯೊಳಗೆ ಇಳಿಯಿತು. ಕಮಲಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ನೋವಾಗದ ಹಾಗೆ ಮೆಲ್ಲಗೆ ಆ ಕಿವಿಯನ್ನು ಒರೆಸಿದಳು.