ಕೈ ಬೀಸುವಂತಿಲ್ಲ

ಅದೋ ಹಳದಿ — ಅಲ್ಲ, ಪೆಟ್ರೋಲ್ ಟ್ಯಾಂಕರಿನ ದೀಪ, ಥೂ, ಮತ್ತೆ ಮೋಸಹೋದೆ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಬೆಳಗಿನಿಂದ ನನ್ನ ಪಾಡು ಅದೇ, ಎಲ್ಲಿ ಹಳದಿ ಕಂಡರೂ ನಮ್ಮ ವಿಮಾನ ಇಳಿದೇಬಿಟ್ಟಿತೆಂದು ನೆಟ್ಟಗಾಗುತ್ತೇನೆ, ಇಳಿದಿರುವುದು ಮಂಜು ಒಂದೇ, ಮುಖಕ್ಕೆ ಒದ್ದೆ ಬಟ್ಟೆ ಒತ್ತಿದ ಹಾಗೆ, ಕಾಂಕ್ರೀಟಿನ ಮೇಲೆ ಬಳಿದ ಗೆರೆ ನನ್ನ ಬೂಟಿನ ಮುಂದೆ ಒಂದಿಷ್ಟು ದೂರ ಓಡಿ ಮಾಯವಾಗುತ್ತದೆ, ಅದರಾಚೆ ರನ್‌ವೇ ಇದೆ ಎನ್ನುವುದು ಬರೀ ನಂಬಿಕೆಯ ಮಾತು, ಎರಡು ಕೈಯಲ್ಲಿ ಎರಡು ದೀಪದ ಕೋಲು, ಹೊಸ ಬ್ಯಾಟರಿ ಹಾಕಿದ್ದೇನೆ, ಹಾಕಿದ್ದೇನೆ ತಾನೆ, ಹಾಕಿದ್ದೇನೆ, ಊಟದ ಮೇಜಿನ ಮೇಲೇ ಹಾಕಿ ಹೊತ್ತಿಸಿ ಆರಿಸಿ ಹೊತ್ತಿಸಿ ನೋಡುತ್ತಿದ್ದರೆ ಯಜಮಾನರು ನಕ್ಕರು, ನಮ್ಮ ಮದುವೆ ದಿನಾನೂ ನೀನು ಇಷ್ಟು ಗಡಿಬಿಡಿ ಮಾಡಿರ್ಲಿಲ್ಲ ಅಂದರು, ಅವತ್ತು ನನ್ನ ಕೈ ಹಿಡಿಯೋರು ನೀವೊಬ್ರೇ ಇದ್ರಿ, ಇವತ್ತು ಇಡೀ ವಿಮಾನ ನನ್ನ ಕೈ ನಂಬ್ಕೊಂಡು ಬರುತ್ತೆ ಅಂದೆ. ನಿಜ ತಾನೆ, ನೆಲಕ್ಕಿಳಿದ ವಿಮಾನಕ್ಕೆ ಬಾ, ತಿರುಗು, ಮೆಲ್ಲಗೆ, ನಿಲ್ಲು ಎಂದು ಕೈಸನ್ನೆಯಲ್ಲಿ ಹೇಳಿ ಅದರ ಜಾಗಕ್ಕೆ ತಂದು ನಿಲ್ಲಿಸುವವಳು ನಾನು, ಅಷ್ಟು ದೊಡ್ಡ ಪ್ರಾಣಿ ನನ್ನ ಬೆರಳ ತುದಿಗೆ ಹಸುವಿನ ಹಾಗೆ ಬರುತ್ತದೆ — ಭುಜದ ಮೇಲಿನ ವಾಕಿಟಾಕಿ ಕೊರ್ ಎಂದಿತು, ಸೂಪರ್‌ವೈಸರ್, ಏನಮ್ಮಾ ಕೋಲಮ್ಮಾ, ಎಚ್ಚರ ಇದ್ದೀಯಾ, ವಿಮಾನ ನಮ್ಮ ತಲೆ ಮೇಲೇ ಸುತ್ತು ಹೊಡೀತಿದೆ, ಮಂಜು ಸರಿದ್ರೆ ಇಲ್ಲಿ, ಇಲ್ಲಾಂದ್ರೆ ಅಲ್ಲಿ, ಇನ್ನೂ ಮೇಲಿನೋರ ತೀರ್ಮಾನ ಆಗಿಲ್ಲ, ಜಾಗ ಬಿಟ್ಟು ಕದಲಬೇಡ. ಆಫೀಸಿನಲ್ಲಿ ಏನು ಕೇಳಿದರೂ ಮೇಲಿನವರ ತೀರ್ಮಾನ ಎನ್ನುವ ಮನುಷ್ಯ, ಇವತ್ತೊಂದು ದಿನ ಮೇಲಿನವರು ನಿಜಕ್ಕೂ ಮೇಲಿದ್ದಾರೆ.

ಅಲ್ಲಿ ಅಂದರೆ ದೊಡ್ಡಮ್ಮನ ಹತ್ತಿರ. ಹೆಸರಿಟ್ಟವರು ಟ್ಯಾಕ್ಸಿಯವರು, ಊರಾಚೆಯ ಹೊಸ ವಿಮಾನ ನಿಲ್ದಾಣ ದೊಡ್ಡಮ್ಮ, ಊರೊಳಗಿನ ಈ ಹಳೆಯದು ಚಿಕ್ಕಮ್ಮ, ದೊಡ್ಡಮ್ಮನ ಮನೆ ಅರಮನೆ, ಬರೀ ಗಾಜು, ನಡೆದು ನಡೆದು ಕಾಲು ಬಿದ್ದುಹೋಗುತ್ತದೆ, ಚಿಕ್ಕಮ್ಮನ ಮನೆಯಲ್ಲಿ ಬಾಗಿಲು ತೆರೆದರೆ ಅಡುಗೆಮನೆ, ವಿಮಾನದಿಂದ ಇಳಿದು ಒಂದು ಸೀನು ಸೀನುವಷ್ಟರಲ್ಲಿ ಬಸ್ ಸ್ಟಾಪ್. ದೊಡ್ಡಮ್ಮ ಬಂದಮೇಲೆ ಚಿಕ್ಕಮ್ಮನಿಗೆ ಬೀಗ ಬಿತ್ತು, ಈ ಕಾಂಕ್ರೀಟಿನ ಬಿರುಕಿನಲ್ಲಿ ಹುಲ್ಲು ಎದ್ದಿತು, ನಾನು ಕೋಲು ಕೆಳಗಿಟ್ಟು ದೊಡ್ಡಮ್ಮನ ನೆಲಮಾಳಿಗೆಯಲ್ಲಿ ಜನರ ಸೂಟ್‌ಕೇಸು ಎತ್ತಿ ಬೆಲ್ಟಿಗೆ ಹಾಕುವವಳಾದೆ, ಹಗಲೆಲ್ಲ ವಿಮಾನ ನಿಲ್ದಾಣದಲ್ಲೇ ಇದ್ದು ಒಂದು ವಿಮಾನ ಕಣ್ಣಿಂದ ನೋಡಲಿಲ್ಲ, ನನ್ನ ಕೈಗೆ ಭಾರ ಎತ್ತುವುದು ಬಿಟ್ಟು ಬೇರೆಲ್ಲವೂ ಮರೆತೇಹೋಗುತ್ತಿತ್ತು, ಅಷ್ಟರಲ್ಲಿ ಈ ಎರಡು ಅಗ್ಗದ ವಿಮಾನ ಕಂಪನಿಗಳ ಜಗಳ ಶುರುವಾಯಿತು, ಅವರ ಹೊಟ್ಟೆ ತಣ್ಣಗಿರಲಿ, ನೇರಳೆ ಬಣ್ಣದವರು ದೊಡ್ಡಮ್ಮನಲ್ಲಿ ಬೇರುಬಿಟ್ಟಿದ್ದರು, ಹಳದಿಯವರು ಹೋಗಿ ಬಾಡಿಗೆ ಕೇಳಿದರೆ ತಲೆ ತಿರುಗಿತು, ಹಾಗಾದರೆ ಚಿಕ್ಕಮ್ಮನೇ ಸರಿ ಎಂದು ಇಲ್ಲಿಯ ಬೀಗ ತೆಗೆಸಿದರು, ಇವರು ಟಿಕೆಟ್ ದರ ಇಳಿಸಿದರೆ ಅವರು ಇನ್ನೂ ಇಳಿಸಿದರು, ಅವರು ಇಳಿಸಿದರೆ ಇವರು ಇನ್ನೂ ಕೆಳಗೆ, ಹೀಗೇ ಇಳಿಸುತ್ತಾ ಹೋದರೆ ಹತ್ತಿದವರಿಗೆ ಇವರೇ ದುಡ್ಡು ಕೊಡಬೇಕಾದೀತು, ಇಬ್ಬರ ಜಗಳ ಮೂರನೆಯವನಿಗೆ ಲಾಭ, ನಮ್ಮ ಮನೆಯಲ್ಲಿ ಆ ಮೂರನೆಯವರು ಅತ್ತೆ, ಭೂಮಿ ಬಿಟ್ಟು ಬಾಳಿದವರಿಲ್ಲ ಎಂದು ಕೂತಿದ್ದವರು, ಬಸ್ಸಿನ ದುಡ್ಡಿಗೆ ಆಕಾಶ ಸಿಕ್ಕಿತು ನೋಡಿ, ಎದ್ದರು. ಹಳದಿಯವರ ಮೊಟ್ಟಮೊದಲ ವಿಮಾನ ಇವತ್ತು, ಅದರೊಳಗೆ ನನ್ನ ಅತ್ತೆ. ಮೊದಲ ದಿನವೇ ಇಲ್ಲಿ ಇಳಿಯಲಾಗದೆ ದೊಡ್ಡಮ್ಮನ ಮಡಿಲಿಗೆ ಹೋಗಿ ಬಿದ್ದರೆ ಊರೆಲ್ಲ ನಗುತ್ತದೆ, ಹಳದಿಯವರು ಗಂಟುಮೂಟೆ ಕಟ್ಟುತ್ತಾರೆ, ಸೂಪರ್‌ವೈಸರ್ ನಿನ್ನೆಯೇ ಹೇಳಿದರು, ಮೊದಲನೇದು ಇಳೀಲೇಬೇಕು ಕಣಮ್ಮ, ಇಳೀಲಿಲ್ವೋ ನಾವೆಲ್ಲ ಮತ್ತೆ ಸೂಟ್‌ಕೇಸ್ ಎತ್ತೋದೇ. ಆದರೆ ನನ್ನ ಮನಸ್ಸಿಗೆ ನಾನೇ ಸುಳ್ಳು ಯಾಕೆ ಹೇಳಲಿ, ಸೂಟ್‌ಕೇಸಿನ ಚಿಂತೆ ಎರಡನೆಯದು, ಅತ್ತೆ ನನ್ನನ್ನು ನೋಡಬೇಕು, ಈ ಕೋಲು ಹಿಡಿದು ಇಲ್ಲಿ ನಿಂತಿರುವಾಗ ನೋಡಬೇಕು, ಅಷ್ಟೇ ನನಗೆ ಬೇಕಾಗಿರುವುದು.

ಯಾಕೆಂದರೆ ಅವರು ನಿವೃತ್ತರಾಗುವವರೆಗೂ ಶಾಲೆಯಲ್ಲಿ ಡ್ರಿಲ್ ಟೀಚರು, ಕೊರಳಲ್ಲಿ ಸೀಟಿ, ಎದುರಿಗೆ ಸಾಲು ಸಾಲು ಮಕ್ಕಳು, ಕೈ ಮೇಲೆ, ಕೈ ಪಕ್ಕಕ್ಕೆ, ಕೈ ಕೆಳಗೆ, ಮೊಣಕೈ ಬಗ್ಗಿಸಿದವನಿಗೆ ಮೈದಾನಕ್ಕೆ ಸುತ್ತು, ನನಗೆ ಈ ಕೆಲಸ ಸಿಕ್ಕಿತೆಂದು ಕುಣಿಯುತ್ತಾ ಹೇಳಿದರೆ ಅವರು ಏನಂದರು, ಕೈ ಎತ್ತೋದಕ್ಕೂ ಸಂಬಳ ಕೊಡ್ತಾರೇನೇ, ನನ್ನ ಮಗ ಹುಟ್ಟಿದಾಗಿಂದ ಬಿಟ್ಟಿ ಕೈ ಎತ್ತುತ್ತಿದಾನಲ್ಲ, ಯಾವ ಕೆಲಸ ಹೇಳಿದ್ರೂ. ಎಲ್ಲರೂ ನಕ್ಕರು, ನಾನೂ ನಕ್ಕೆ, ಮಾತು ಚೆನ್ನಾಗಿತ್ತು. ಆಮೇಲೆ ಎದ್ದುನಿಂತು ಸೆರಗು ಸಿಕ್ಕಿಸಿ, ಅಂಗಳದಲ್ಲಿ ಕೋಳಿ ಅಟ್ಟುವವಳ ಹಾಗೆ ಎರಡೂ ಕೈ ಬೀಸಿ ತೋರಿಸಿದರು ನೋಡಿ, ಆಗ ಒಳಗೆ ಉರಿಯಿತು, ಅವತ್ತಿನಿಂದ ಫೋನ್ ಮಾಡಿದಾಗಲೆಲ್ಲ ಹೇಗಿವೆಯೇ ನಿನ್ನ ಕೋಳಿಗಳು, ದೊಡ್ಡಮ್ಮನ ನೆಲಮಾಳಿಗೆಗೆ ಹೋದಮೇಲೆ ಮಾತ್ರ ಕೇಳುವುದು ಬಿಟ್ಟರು, ಬಿಟ್ಟದ್ದಕ್ಕೆ ಇನ್ನೂ ನೋವಾಯಿತು, ಇದೆಂಥ ಮನಸ್ಸೋ ನನ್ನದು. ಅದೇ ಬಾಯಿ ಹೋದ ವಾರ ಹೇಳಿದ್ದೇನು, ಯಜಮಾನರು ಅಮ್ಮಾ ನೇರಳೆಯಲ್ಲಿ ಬಾ, ಇನ್ನೂ ಅಗ್ಗ, ಅಲ್ಲಾದ್ರೆ ಮಂಜಿನಲ್ಲೂ ಇಳಿಸೋ ಯಂತ್ರ ಇದೆ ಅಂದರೆ, ಅಗ್ಗ ಅಂತ ಊರಾಚೆ ಹೋಗಿ ಬೀಳ್ಲೇನೋ, ನನ್ನ ಸೊಸೆ ಎಲ್ಲಿ ಕೈ ಎತ್ತುತ್ತಾಳೋ ಅಲ್ಲೇ ನಾನು ಇಳಿಯೋದು. ಸ್ಪೀಕರ್ ಹಾಕಿದ್ದರು, ನಾನು ಪಾತ್ರೆ ತೊಳೆಯುತ್ತಿದ್ದೆ, ಸೋಪು ಹತ್ತಿದ ಲೋಟ ಕೈಯಿಂದ ಜಾರಿತು, ನನ್ನ ಸೊಸೆ ಅಂದರು, ನಿನ್ನ ಹೆಂಡತಿ ಅನ್ನಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು, ನಿನ್ನೆ ಸಂಜೆ ಮತ್ತೆ ಫೋನು, ಕಿಟಕಿ ಪಕ್ಕದ ಸೀಟು ಹಾಕಿಸ್ಕೊಂಡಿದ್ದೀನಿ ಕಣೇ, ನಿನ್ನ ಕಂಡ ಕೂಡ್ಲೇ ಕೈ ಬೀಸ್ತೀನಿ, ನೀನೂ ಬೀಸು. ಅದೊಂದಾಗಲ್ಲ ಅತ್ತೆ ಅಂದೆ, ನಾವಲ್ಲಿ ಸುಮ್ಮನೆ ಕೈ ಆಡಿಸೋ ಹಾಗಿಲ್ಲ, ನಾನು ನಿಮಗೆ ಅಂತ ಬೀಸಿದ್ದನ್ನ ಪೈಲಟ್ ತನಗೆ ಅಂತ ತಿಳ್ಕೊಂಡು ತಿರುಗಿಸಿಬಿಟ್ರೆ ಏನು ಗತಿ, ಕೆನ್ನೆ ಮೇಲೆ ಸೊಳ್ಳೆ ಕೂತ್ರೂ ಹೊಡೀಬಾರ್ದು ಅಂತ ತರಬೇತಿಯಲ್ಲೇ ಹೇಳಿದಾರೆ, ನಮ್ಮ ಕೈ ಎದ್ರೆ ಅದು ಅಪ್ಪಣೆ. ಸರಿ ಬಿಡಮ್ಮ, ದೊಡ್ಡ ಮನುಷ್ಯಳು ನೀನು, ಎಂದು ಫೋನ್ ಇಟ್ಟುಬಿಟ್ಟರು. ಮೊದಲ ಸಲ ಅವರಾಗಿ ಒಂದು ಕೇಳಿದರು, ಅದೂ ಏನು, ಬರೀ ಗಾಳಿಯಲ್ಲಿ ಒಂದು ಕೈ, ಅದನ್ನೂ ನಾನು ಇಲ್ಲ ಅಂದೆ, ಕಣ್ಣು ಮುಚ್ಚಿದರೆ ಮೊಟ್ಟೆಯಾಕಾರದ ಒಂದು ಕಿಟಕಿ, ಅದರೊಳಗೆ ಬೀಸುತ್ತಲೇ ಇರುವ ಒಂದು ಕೈ, ಎದುರಿಗೆ ಬೆದರುಬೊಂಬೆಯ ಹಾಗೆ ನಾನು.

ಯಜಮಾನರು ಈಗ ಎಲ್ಲಿರುತ್ತಾರೆಂದು ಬಲ್ಲೆ, ಎರಡು ನಿಲ್ದಾಣಕ್ಕೂ ದಾರಿ ಕವಲೊಡೆಯುವ ಕಡೆ ಪೆಟ್ರೋಲ್ ಬಂಕಿನಲ್ಲಿ, ಕಾರಿನ ಮೂತಿ ಎತ್ತಲೂ ತಿರುಗಿಸದೆ, ಹೊರಡುವಾಗಲೇ ಅಂದರು, ನಾನು ಮಧ್ಯದಲ್ಲಿ ಇರ್ತೀನಿ, ಅಮ್ಮ ದೊಡ್ಡಮ್ಮನ ಹತ್ರ ಇಳಿದ್ರೆ ಅತ್ತ, ಚಿಕ್ಕಮ್ಮನ ಹತ್ರ ಇಳಿದ್ರೆ ಇತ್ತ. ಅಡ್ಡಗೋಡೆ ಮೇಲೆ ದೀಪ ಇಡುವ ಮನುಷ್ಯ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಆದರೆ ಯಾರಾದರೂ ಒಬ್ಬರು ಮಧ್ಯದಲ್ಲಿ ಇರಬೇಕಲ್ಲ, ನಮ್ಮಿಬ್ಬರ ನಡುವೆ ಇಷ್ಟು ವರ್ಷ ಅವರೇ — ಸದ್ದು! ಬಂತು, ಮಂಜಿನ ಮೇಲೆ, ತಲೆಯ ಮೇಲೇ, ಬಾ, ಬಾ, ಇಲ್ಲೇ, ಇನ್ನೂ ಕೆಳಗೆ — ಇಲ್ಲ, ಇಳಿಯುತ್ತಿಲ್ಲ, ಸದ್ದು ಹಾಗೇ ದಾಟಿ ಗುಡ್ಡದ ಕಡೆಗೆ, ದೊಡ್ಡಮ್ಮನ ಕಡೆಗೆ, ಸಣ್ಣದಾಗುತ್ತಾ, ಹೋಯಿತು. ಕೈ ಕೊಟ್ಟಿತು. ಇನ್ನು ಅಲ್ಲಿ ಅತ್ತೆಯನ್ನು ಕೊಳವೆಯಂಥ ಸೇತುವೆಗೆ ಇಳಿಸುತ್ತಾರೆ, ನೆಲವೂ ಕಾಣದು ಆಕಾಶವೂ ಕಾಣದು, ಅಲ್ಲಿ ಕೈ ಎತ್ತುವ ಮನುಷ್ಯರೇ ಇಲ್ಲ, ಗೋಡೆಯ ಮೇಲೊಂದು ದೀಪದ ಹಲಗೆ ಇದೆ, ಅದೇ ವಿಮಾನಕ್ಕೆ ಬಾ ಅನ್ನುತ್ತದೆ ಅದೇ ನಿಲ್ಲು ಅನ್ನುತ್ತದೆ, ಅತ್ತೆ ಕಿಟಕಿಗೆ ಮುಖ ಒತ್ತಿ ಹುಡುಕುತ್ತಾರೆ, ಆ ಹಲಗೆಗೆ ಕೈ ಬೀಸುತ್ತಾರೇನೋ, ಅಯ್ಯೋ, ಹಲಗೆಗೆ, ಕಣ್ಣು ಒರೆಸಿಕೊಳ್ಳುವಂತಿಲ್ಲ, ಕೈ ಎತ್ತುವಂತಿಲ್ಲ, ಯಾರಿಗೆ ಕಾಣುತ್ತದೆ ಈ ಮಂಜಿನಲ್ಲಿ, ಆದರೂ ಇಲ್ಲ — ಕೊರ್, ಕೋಲಮ್ಮಾ, ಅಳ್ತಾ ಕೂರಬೇಡ, ಆ ಹೋದದ್ದು ನೇರಳೆಯೋರದ್ದು, ನಮ್ದು ಇನ್ನೂ ಮೇಲೇ ಇದೆ, ಇನ್ನೊಂದೇ ಒಂದು ಸಲ ನೋಡ್ತಾರಂತೆ, ಆಗದಿದ್ರೆ ದೊಡ್ಡಮ್ಮ. ಅಳುತ್ತಿದ್ದೇನೆಂದು ಇವರಿಗೆ ಹೇಗೆ ತಿಳಿಯಿತು, ಅವರೂ ಅಳುತ್ತಿರಬೇಕು. ಇನ್ನೊಂದೇ ಒಂದು ಸಲ, ಸಾಕು, ಒಂದು ಸಾಲದೇ, ಬಿಸಿ ಹಾಲಿಗೆ ಊದುವ ಹಾಗೆ ಮಂಜಿಗೆ ಊದುತ್ತಿದ್ದೇನೆ, ಹುಚ್ಚಿ, ಊದು, ಊದಿದರೆ ತಪ್ಪೇನು, ಅದೋ ಬೇಲಿ, ಆಗ ಬೇಲಿ ಕಾಣುತ್ತಿರಲಿಲ್ಲ, ಬೇಲಿಯ ಆಚೆ ಕಂಬ, ಕಂಬದ ತುದಿಯಲ್ಲಿ ಗಾಳಿಚೀಲ, ಜೋತುಬಿದ್ದಿದ್ದದ್ದು ಈಗ ಸ್ವಲ್ಪ ಬಾಲ ಎತ್ತಿದೆ, ಗಾಳಿ ಬಂತು, ಬಾ ಗಾಳಿಯಪ್ಪ, ಎಳೆ, ಇನ್ನೂ ಎಳೆ, ಗೆರೆ ಉದ್ದವಾಯಿತು, ಗೆರೆ ಓಡಿತು, ಅಲ್ಲಿಯವರೆಗೂ ಓಡಿತು, ರನ್‌ವೇಯ ದೀಪಗಳು ಒಂದೊಂದಾಗಿ ಕಣ್ಣುಬಿಟ್ಟವು.

ಅದೋ ಆಕಾಶದಲ್ಲಿ ಎರಡು ದೀಪ, ಇದು ಟ್ಯಾಂಕರ್ ಅಲ್ಲ, ಟ್ಯಾಂಕರು ಆಕಾಶದಲ್ಲಿ ಬರುವುದಿಲ್ಲ, ಇಳಿಯುತ್ತಿದೆ, ಇಳಿಯುತ್ತಿದೆ, ನೆಲ ಮುಟ್ಟಿತು, ಚಕ್ರದಿಂದ ಹೊಗೆ, ನನ್ನ ಬೂಟಿನೊಳಗೆ ಭೂಮಿ ನಡುಗಿತು, ವಾಕಿಟಾಕಿಯಲ್ಲಿ ಸೂಪರ್‌ವೈಸರ್ ಮಾತು ಬಾರದೆ ಬರೀ ಹೋ ಹೋ ಎನ್ನುತ್ತಿದ್ದಾರೆ, ಬೀಗ ಹಾಕಿದ್ದ ಮನೆಗೆ ನೆಂಟರು ಬಂದರು, ಹಳದಿ, ನಿಜವಾದ ಹಳದಿ, ತಿರುಗಿತು, ನನ್ನತ್ತ ಮೂತಿ ಮಾಡಿತು, ಈಗ ನಾನು. ಎರಡೂ ಕೈ ನೆಟ್ಟಗೆ ಮೇಲೆ, ನಿನ್ನ ಜಾಗ ಇದು, ನಾನಿಲ್ಲಿದ್ದೇನೆ, ಪೈಲಟ್ ಕಂಡರು, ತಲೆಯಾಡಿಸಿದರು, ಬಾ, ಎರಡೂ ಕೋಲು ಹಿಂದಕ್ಕೆ, ಬಾ, ಮತ್ತೆ ಹಿಂದಕ್ಕೆ, ಬಾ, ಎಂಜಿನ್ನಿನ ಗಾಳಿ ಅಂಗಿಯನ್ನು ಪಟಪಟ ಬಡಿಯುತ್ತಿದೆ, ಒಂದು ಕೈ ಪಕ್ಕಕ್ಕೆ, ಒಂದು ಕೈ ಕರೆಯುತ್ತಾ, ತಿರುಗು, ಹಾಗೇ, ಎಷ್ಟು ಚೆನ್ನಾಗಿ ಮಾತು ಕೇಳುತ್ತೀಯೋ, ಕೈ ಏನೂ ಮರೆತಿಲ್ಲ, ಕೈಗೆ ಎಲ್ಲ ನೆನಪಿದೆ, ತಿರುಗುವಾಗ ಅದರ ಪಕ್ಕೆ ನನ್ನೆದುರು ಬಂತು, ಕಿಟಕಿಗಳ ಸಾಲು, ಕಣ್ಣ ಅಂಚಿನಲ್ಲಿ ಮಾತ್ರ, ನೇರ ನೋಡುವಂತಿಲ್ಲ, ನೋಟ ಪೈಲಟ್ ಮೇಲೆ, ಆದರೆ ಅಂಚಿನಲ್ಲಿ ಏನೇನೋ ಅಲುಗುತ್ತಿದೆ, ಕೈಗಳು, ಅಯ್ಯೋ ದೇವರೇ, ಎಲ್ಲ ಕಿಟಕಿಯಲ್ಲೂ ಕೈ, ಇಡೀ ವಿಮಾನ ನನಗೆ ಕೈ ಬೀಸುತ್ತಿದೆ, ಡ್ರಿಲ್ ಟೀಚರೇ ಎಲ್ಲರ ಕೈ ಎತ್ತಿಸಿರಬೇಕು, ಯಾವುದು ಅತ್ತೆಯದು, ಇಷ್ಟು ಕೈಗಳಲ್ಲಿ ಯಾವುದು, ನೋಡಬೇಡ, ಮೆಲ್ಲಗೆ, ಮೆಲ್ಲಗೆ, ಮೂಗಿನ ಚಕ್ರ ಗೆರೆಯ ಮೇಲೆ, ಇನ್ನೊಂದು ಚೂರು, ಇನ್ನೊಂದು ಕೂದಲೆಳೆ, ನಿಲ್ಲು. ತಲೆಯ ಮೇಲೆ ಎರಡು ಕೋಲು ಅಡ್ಡಡ್ಡ, ನಿಲ್ಲು, ನಿಂತಿತು.

ಚಕ್ರಕ್ಕೆ ದಿಮ್ಮಿ ಅಡ್ಡ ಇಡುವವರೆಗೆ ಕೈ ಇಳಿಸುವಂತಿಲ್ಲ, ಎಂಜಿನ್ನು ಉಸಿರು ಬಿಡುತ್ತಾ ತಣ್ಣಗಾಗುತ್ತಿದೆ, ದಿಮ್ಮಿಯವರು ಓಡಿದರು, ಈಗ ನೋಡಬಹುದು, ಈಗ ಕಣ್ಣಾದರೂ ತಿರುಗಿಸಬಹುದು, ಮೂತಿಯ ಒಂದು ಪಕ್ಕಕ್ಕೆ ನಿಂತಿದ್ದೇನಲ್ಲ, ಕಿಟಕಿಗಳು ಓರೆಯಾಗಿ ಕಾಣುತ್ತವೆ, ಮೊದಲನೆಯ ಕಿಟಕಿ, ಯಾರದೋ ಮಗುವಿನ ಕೈ, ಅದರ ಹಿಂದಿನದು, ಬಳೆಯಿದ್ದ ಕೈ, ಅಲ್ಲ, ಅದರ ಹಿಂದೆ ಎರಡೂ ಕೈ ಬೀಸುತ್ತಿರುವ ಒಬ್ಬ ಗಂಡಸು, ಅವನ ಹಿಂದೆ ಒಂದು ಕಿಟಕಿಯಲ್ಲಿ ಏನೂ ಬೀಸುತ್ತಿಲ್ಲ. ಅತ್ತೆ. ಬೆಳ್ಳಗಿನ ತಲೆ, ಗಾಜಿಗೆ ಹತ್ತಿರ, ಕೋಪವೇ, ನಿನ್ನೆಯ ಮಾತಿಗೆ ಇನ್ನೂ — ಇಲ್ಲ, ತಡಿ, ಅದೇನು ಅವರ ಮುಖದ ಮುಂದೆ, ಎರಡು ಮಣಿಕಟ್ಟು, ಆ ಇಕ್ಕಟ್ಟಿನಲ್ಲಿ ತಲೆಯ ಮೇಲಕ್ಕೆ ಎತ್ತಲಾಗದೆ ಗಾಜಿಗೇ ಒತ್ತಿ ಹಿಡಿದಿದ್ದಾರೆ, ಒಂದರ ಮೇಲೊಂದು, ಅಡ್ಡಡ್ಡ, ನನ್ನ ಹಾಗೇ. ದಿಮ್ಮಿ ಇಟ್ಟಾಯಿತು, ಪೈಲಟ್ ಹೆಬ್ಬೆರಳು ತೋರಿಸಿದರು, ಭುಜದ ಮೇಲೆ ಸೂಪರ್‌ವೈಸರ್ ಕೂಗುತ್ತಲೇ ಇದ್ದಾರೆ, ಆಯ್ತು ಕೋಲಮ್ಮಾ, ಕೈ ಇಳಿಸು, ಎಷ್ಟು ಹೊತ್ತು ಹಾಗೇ ನಿಲ್ತೀಯಾ, ಇಳಿಸಮ್ಮಾ, ಹೇಗೆ ಇಳಿಸಲಿ, ಮೊಟ್ಟೆಯಾಕಾರದ ಗಾಜಿನೊಳಗೆ ಆ ಎರಡು ಕೈ, ಒಂದರ ಮೇಲೊಂದು, ಅಡ್ಡಡ್ಡ, ಅತ್ತೆ ಇನ್ನೂ ಇಳಿಸಿಲ್ಲ —