ಹಾಜರಿ ಪುಸ್ತಕದ ಹದಿನೆಂಟು ಹೆಸರು

"ಪಾಟಿ ಅಲ್ಲೇ ಕೆಳಗಿಡಲೇ, ಹಲ್ಕಟ್! ನನ್ನ ಕೈಯಾಗ ಕೊಡಾಕ ಬರತಿ?"

ಕಾಮಣ್ಣ ಮಾಸ್ತರನ ಒದರಾಟಕ್ಕೆ ಬೆದರಿದ ಕರೆವ್ವ ಪಾಟಿಯನ್ನು ಅಂಗಳದಲ್ಲಿಟ್ಟು ಹಿಂದೆ ಸರಿದಳು. ಮಾಸ್ತರ ಅದರ ಮೇಲೆ ನೀರು ಚಿಮುಕಿಸಿದ. ಹುಡುಗಿ ಬರೆದಿದ್ದ ಅಕ್ಷರಗಳೆಲ್ಲ ಅಳಿಸಿಹೋದವು. ಆಮೇಲೆ ಬಗ್ಗಿ ನೋಡಿ, "ಏನೂ ಬರದೇ ಇಲ್ಲಲ್ಲ!" ಎಂದ.

ಶಾಲೆ ನಡೆಯುತ್ತಿದ್ದ ಬೀರಪ್ಪನ ಗುಡಿಯ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ಗಂಗಾರಾಮ ಇದನ್ನೆಲ್ಲ ಕಂಡ. ಅವನೂ ಹೊಲಗೇರಿಯಲ್ಲೇ ಹುಟ್ಟಿದವನು. ಜಮಖಂಡಿಯಲ್ಲಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಮುಧೋಳ ಸೀಮೆಯ ಹಳ್ಳಿಗಳಿಗೆ ಸರಕಾರಿ ಶಾಲೆ ತರಬೇಕೆಂದು ಆರು ವರ್ಷ ಅರ್ಜಿ ಹಿಡಿದು ಅಲೆದವನು. ಇವತ್ತು ಶಾಲೆಯ ತಪಾಸಣೆಗೆ ಸಾಹೇಬರು ಬಂದಿದ್ದರಿಂದ ಅವನಿಗೂ ಒಳಗೆ ಕುರ್ಚಿ ಸಿಕ್ಕಿತ್ತು.

ಈ ಊರಿಗೆ ಶಾಲೆ ಮಂಜೂರಾಗಲು ನಲವತ್ತು ಮಕ್ಕಳು ಬೇಕಿತ್ತು. ಊರೊಳಗೆ ಸಿಕ್ಕದ್ದು ಇಪ್ಪತ್ತೆರಡು. ಉಳಿದ ಹದಿನೆಂಟು ಹೆಸರನ್ನು ಗಂಗಾರಾಮ ಕೇರಿಯಿಂದ ಬರೆಸಿದ. "ಹೆಸರ ಬೇಕಾದ್ರ ಬರಸು. ಗುಡಿ ಮೆಟ್ಟಲಾ ಮಾತ್ರ ಹತ್ತಬಾರದು," ಎಂದಿದ್ದ ಗಿರಮಲ್ಲಪ್ಪಗೌಡ. ಮೊದಲು ಶಾಲೆಯಾಗಲಿ ಎಂದು ಗಂಗಾರಾಮ ತಲೆಯಾಡಿಸಿದ್ದ. ಹಾಗೆ ತಲೆಯಾಡಿಸಿದ ಊರುಗಳು ಇದೂ ಸೇರಿ ಏಳು. ಉಳಿದ ಆರು ಊರಿನ ಪುಸ್ತಕಕ್ಕೆ ಅವನ ಸಹಿ ಬಿದ್ದದ್ದು ಕೇರಿಗೆಲ್ಲ ಗೊತ್ತಿತ್ತು. ಕರೆವ್ವನ ತಾಯಿ ತಾರವ್ವ ಅವತ್ತೇ ಕೇಳಿದ್ದಳು: "ಒಳಗ ಕುಂದರಸ್ತಾರೇನೋ ಯಪ್ಪಾ?" ಅವನು ಅವಳ ಮುಖ ನೋಡದೆ "ಹೂಂ ಬೇ ಯವ್ವಾ" ಎಂದುಬಿಟ್ಟಿದ್ದ.

ಸಾಹೇಬರು ಹಾಜರಿ ಪುಸ್ತಕ ಮುಂದೆ ಸರಿಸಿದರು. "ಎಲ್ಲಾ ಜಾತಿ ಮಕ್ಕಳು ಕೂಡಿ ಕುಂತು ಕಲೀತಾರ ಅಂತ ಬರದೇನಿ. ಸಾಲಿ ತಂದವರು ಅಂತ ನಿಮ್ಮದೊಂದು ಸಹಿ ಹಾಕ್ರಿ."

ಅಂಗಳದಲ್ಲಿ ಕೂತ ಕೇರಿಯ ಮಕ್ಕಳ ನಡುವೆ ಕರೆವ್ವ ಒದ್ದೆ ಪಾಟಿಯನ್ನು ಲಂಗಕ್ಕೆ ಒರೆಸಿಕೊಂಡು ಮತ್ತೆ ಮೊದಲ ಅಕ್ಷರದಿಂದ ಬರೆಯತೊಡಗಿದ್ದಳು. ಸಾಹೇಬರು ಬರುತ್ತಾರೆಂದು ಓಣಿ ಗುಡಿಸಲು ಬಂದಿದ್ದ ತಾರವ್ವ, ಕಸಬರಿಗೆ ಹಿಡಿದು ಒಳಗೇ ನೋಡುತ್ತಿದ್ದಳು.

ಗಂಗಾರಾಮ ಪುಸ್ತಕವನ್ನು ಹಿಂದೆ ಸರಿಸಿದ. "ಇದು ಸುಳ್ಳರಿ ಸಾಹೇಬರ," ಎಂದವನೇ ಎದ್ದು ಅಂಗಳಕ್ಕಿಳಿದು ಕರೆವ್ವನ ಕೈ ಹಿಡಿದ. "ಏಳ್ರಿ, ಎಲ್ಲಾರೂ ಒಳಗ ನಡೀರಿ."

"ಮೆಟ್ಟಲಾ ಹತ್ತಿದ್ರ ನಾಳೆ ಸಾಲಿಗಿ ಕೀಲಿ ಬೀಳತೈತಿ, ಸೂಳಿಮಗನ!" ಸಾಹೇಬರ ಪಕ್ಕದಲ್ಲಿ ಕೂತಿದ್ದ ಗೌಡ ಗುಡುಗಿದ.

"ಹಾಕ್ರಿ," ಎಂದು ಗಂಗಾರಾಮ ಮೆಟ್ಟಿಲು ಹತ್ತಿದ. ಹದಿನೆಂಟು ಮಕ್ಕಳೂ ಹಿಂದೆ ಹತ್ತಿದವು. ಊರ ಹೆಂಗಸರು ಓಡಿ ಬಂದು ತಮ್ಮ ಮಕ್ಕಳ ರಟ್ಟೆ ಹಿಡಿದು ಎಳೆದೊಯ್ದರು. ಸಾಹೇಬರು ಪುಸ್ತಕ ಮುಚ್ಚಿ ಜೀಪಿನತ್ತ ನಡೆದರು. ಕಾಮಣ್ಣ ಮಾಸ್ತರ ಅವರ ಬೆನ್ನು ಹತ್ತಿದ.

ಗಂಗಾರಾಮ ಹಲಗೆಯ ಮೇಲೆ 'ಅ' ಎಂದು ಬರೆದ.

ತಾರವ್ವ ಮೆಟ್ಟಿಲ ಕೆಳಗೆ ಬಂದು ನಿಂತಳು. ಅವಳು ಹರಸುತ್ತಾಳೆಂದುಕೊಂಡ ಅವನು.

"ನನ್ನ ಮಗಳನ್ನ ಒಳಗ ಕುಂದರಿಸಿದಿ, ಖರೆ," ಎಂದಳು ಅವಳು. "ಉಳದ ಆರ ಊರಾಗ ನಿನ್ನ ಸಹಿ ಐತೆಲ್ಲೋ ಯಪ್ಪಾ. ಅಲ್ಲೀ ಮಕ್ಕಳು ಈಗ ಎಲ್ಲಿ ಕುಂತಿದ್ದಾವು?"

ಗಂಗಾರಾಮ ಬಳಪ ಹಿಡಿದು ಮತ್ತೆ ಹಲಗೆಯ ಕಡೆ ತಿರುಗಿದ. ಹಿಂದೆ ಮಕ್ಕಳು 'ಆ' ಬರೆಯೆಂದು ಕಾಯುತ್ತಿದ್ದವು.